ಕೊರೆಯುವ ಚಳಿಗೆ ಇನ್ವರ್ಟರ್ ಹೀಟ್ ಪಂಪ್: ಹಲವು ಚಳಿಗಾಲ ಓಡಿಸಿದ ಮೇಲಿನ ವಿಮರ್ಶೆ

ಹೀಟ್ ಪಂಪ್ ಎಂದರೆ ಚಳಿಗಾಲದಲ್ಲಿ ಹೊರಗಿನ ಗಾಳಿಯ ಬಿಸಿಯನ್ನೇ ಎಳೆದು ಮನೆಯೊಳಗೆ ಬಿಡುವ ಏಸಿ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ ಎರಡನ್ನೂ ಒಂದೇ ಯಂತ್ರ ಕೊಡುತ್ತದೆ. ಮೈನಸ್ 25 ಡಿಗ್ರಿಯವರೆಗೂ ಓಡುವಂತೆ ಮಾಡಿದ ಸ್ಪ್ಲಿಟ್ ಮಾದರಿ ಇದು. ಅಂಕ 5ಕ್ಕೆ 4. ಯಂತ್ರ ಗಟ್ಟಿ, ಸದ್ದು ಕಡಿಮೆ, ಬಿಸಿ ಏರಿಳಿತವಿಲ್ಲದೆ ಬರುತ್ತದೆ. ಒಂದು ಅಂಕ ಕಳೆದದ್ದು ಜೊತೆಗೆ ಬರುವ ಕೈಪಿಡಿಗೆ. ಚಳಿಗಾಲಕ್ಕೆ ಮುಂಚೆ ಏನೇನು ನೋಡಿಕೊಳ್ಳಬೇಕು ಎನ್ನುವುದನ್ನು ಅದು ನಾಲ್ಕು ಸಾಲಿನಲ್ಲಿ ಮುಗಿಸಿಬಿಡುತ್ತದೆ.

ಚಳಿಯನ್ನು ಈ ಯಂತ್ರ ಚೆನ್ನಾಗಿಯೇ ತಡೆದುಕೊಳ್ಳುತ್ತದೆ. ಅದನ್ನು ಹಾಳು ಮಾಡುವುದು ನೀರು. ಬಿಸಿ ಕೊಡುವಾಗ ಹೊರಗಿನ ಯೂನಿಟ್‌ನ ಕಾಯಿಲ್ (ಗ್ಯಾಸ್ ಹರಿಯುವ ತಾಮ್ರದ ಕೊಳವೆಗಳ ಸಾಲು) ಸುತ್ತಲಿನ ಗಾಳಿಗಿಂತ ತಣ್ಣಗಿರುತ್ತದೆ. ಗಾಳಿಯ ತೇವ ಅದರ ಮೇಲೆ ಫ್ರೀಜರ್‌ನಲ್ಲಿ ಕಟ್ಟುವಂಥ ಬಿಳಿ ಪದರವಾಗಿ ಕೂರುತ್ತದೆ. ಮೈನಸ್ 20ರ ಒಣ ಚಳಿಯಲ್ಲಿ ಈ ಕಾಟ ಕಡಿಮೆ. ಮೈನಸ್ 5ರಿಂದ ಪ್ಲಸ್ 5ರ ನಡುವೆ, ಮಂಜು ಮುಸುಕಿದ ದಿನಗಳಲ್ಲೇ ಹೆಚ್ಚು. ಪದರ ದಪ್ಪವಾದಾಗ ಯಂತ್ರ ತಾನೇ ಡಿಫ್ರಾಸ್ಟ್‌ಗೆ, ಅಂದರೆ ಆ ಪದರ ಕರಗಿಸುವ ಕೆಲಸಕ್ಕೆ, ಹೋಗುತ್ತದೆ: ಹೊರಗಿನ ಫ್ಯಾನ್ ನಿಲ್ಲುತ್ತದೆ, ಒಳಗಿನ ವಾಲ್ವ್ ತಿರುಗಿದ ಬುಸ್ ಎಂಬ ಸದ್ದು ಬರುತ್ತದೆ, ಕಾಯಿಲ್‌ನಿಂದ ದಟ್ಟ ಹಬೆ ಏಳುತ್ತದೆ. ಹೊಸಬರು ಇದನ್ನು ಹೊಗೆ ಎಂದುಕೊಂಡು ಸ್ವಿಚ್ ಆಫ್ ಮಾಡಿಬಿಡುತ್ತಾರೆ. ಹಾಗೆ ಮಾಡಬೇಡಿ. ಐದರಿಂದ ಹತ್ತು ನಿಮಿಷದಲ್ಲಿ ಅದು ತಾನಾಗಿ ಮತ್ತೆ ಬಿಸಿಗೆ ಮರಳುತ್ತದೆ.

ಹೀಗೆ ಕರಗಿದ ನೀರು ತೇವದ ದಿನ ಲೀಟರ್‌ಗಟ್ಟಲೆ ಆಗುತ್ತದೆ. ಅದೆಲ್ಲ ಕೆಳಗಿನ ತಟ್ಟೆಯ ತೂತುಗಳಿಂದ ಇಳಿಯಬೇಕು. ಪೆಟ್ಟಿಗೆಯಲ್ಲಿ ಒಂದು ಡ್ರೈನ್ ಎಲ್ಬೋ (ನೀರು ಇಳಿಸಲು ತೂತಿಗೆ ಸಿಕ್ಕಿಸುವ ಬಾಗಿದ ತುಂಡು) ಮತ್ತು ಕೆಲವು ರಬ್ಬರ್ ಮುಚ್ಚಳ ಬರುತ್ತವೆ. ನೀರು ಹೆಪ್ಪುಗಟ್ಟುವ ಕಡೆ ಇವನ್ನು ಹಾಕಲೇಬಾರದು. ಹಾಕಿದ್ದರೆ ಚಳಿಗೆ ಮುಂಚೆ ತೆಗೆಸಿ, ಎಲ್ಲ ತೂತುಗಳೂ ತೆರೆದಿರಲಿ. ಎಲ್ಬೋಗೆ ಪೈಪ್ ಜೋಡಿಸಿದರೆ ನೀರು ಪೈಪಿನಲ್ಲೇ ಗಡ್ಡೆಯಾಗಿ ತಟ್ಟೆಗೆ ವಾಪಸ್ ಬರುತ್ತದೆ. ಪ್ರತಿ ಡಿಫ್ರಾಸ್ಟ್‌ಗೂ ಗಡ್ಡೆ ಒಂದಿಷ್ಟು ಏರುತ್ತದೆ. ಕೊನೆಗೆ ಫ್ಯಾನಿನ ರೆಕ್ಕೆಗೆ ತಗಲುತ್ತದೆ, ಇಲ್ಲವೇ ಕಾಯಿಲ್‌ನ ಕೆಳಸಾಲಿನ ತಾಮ್ರದ ಕೊಳವೆಯನ್ನು ಅಮುಕಿ ಸೀಳುತ್ತದೆ. ಅಲ್ಲಿಗೆ ಗ್ಯಾಸ್ ಪೂರ್ತಿ ಹೋದಂತೆ.

ತಟ್ಟೆಗೆ ಹೀಟರ್ ಇದೆಯೇ ಎಂದು ಕೊಳ್ಳುವಾಗಲೇ ಕೇಳಿ. ಕೆಲವು ಮಾದರಿಗಳಲ್ಲಿ ಅದನ್ನು ಬೇರೆಯಾಗಿ ಹಾಕಿಸಬೇಕು. 100 ವ್ಯಾಟ್ ಆಸುಪಾಸಿನ ಸಣ್ಣ ಹೀಟರ್ ಅಷ್ಟೇ, ಆದರೆ ಅದು ಸುಟ್ಟುಹೋದರೆ ಗೊತ್ತಾಗುವುದು ಗಡ್ಡೆ ಕಟ್ಟಿದ ಮೇಲೆ. ಆದ್ದರಿಂದ ಸರ್ವಿಸ್‌ಗೆ ಬಂದವರಿಂದ ಕ್ಲ್ಯಾಂಪ್ ಮೀಟರ್ ಹಿಡಿಸಿ ಕರೆಂಟ್ ಎಳೆಯುತ್ತಿದೆಯೇ ಎಂದು ನೋಡಿಸಿ.

ಹೊರಗಿನ ಯೂನಿಟ್ ನೆಲಕ್ಕೆ ತಾಗಿ ಕೂತಿರಬಾರದು. ಸಾಮಾನ್ಯವಾಗಿ ಹಿಮ ನಿಲ್ಲುವ ಎತ್ತರಕ್ಕಿಂತ ಕನಿಷ್ಠ 30 ಸೆಂಟಿಮೀಟರ್ ಮೇಲಿರುವಂತೆ ಸ್ಟ್ಯಾಂಡ್ ಹಾಕಿಸಿ, ಕೆಳಗೆ ಜಲ್ಲಿ ಹರಡಿ. ಓಡಾಡುವ ದಾರಿಯ ಮೇಲೆ ಡಿಫ್ರಾಸ್ಟ್ ನೀರು ಇಳಿದರೆ ಮರುದಿನ ಜಾರಿ ಬೀಳುವುದು ಖಂಡಿತ. ಸೂರಿನ ನೀರು ತೊಟ್ಟಿಕ್ಕುವ ಜಾಗವೂ ಬೇಡ. ತೊಟ್ಟಿಕ್ಕಿದ ನೀರು ಫ್ಯಾನಿನ ಜಾಲರಿಯ ಮೇಲೇ ಗಡ್ಡೆ ಕಟ್ಟುತ್ತದೆ. ಹಿಂದೆ 30 ಸೆಂಟಿಮೀಟರ್, ಮುಂದೆ ಒಂದು ಮೀಟರ್ ಖಾಲಿ ಇದ್ದರೆ ಗಾಳಿಗೆ ಸಾಕು. ಚಳಿಗಾಲದಲ್ಲಿ ಟಾರ್ಪಾಲಿನ್ ಹೊದಿಸುವ ಅಭ್ಯಾಸ ಬರೀ ತಂಪು ಕೊಡುವ ಏಸಿಗೆ ಸರಿಹೋಗಬಹುದು, ಇದಕ್ಕೆ ಸಲ್ಲದು.

ಎಲೆ ಉದುರಿ ಮುಗಿದ ಮೇಲೆ, ಮೊದಲ ಹಿಮಕ್ಕೆ ಮುಂಚೆ, ಮೇನ್ ಸ್ವಿಚ್ ಆಫ್ ಮಾಡಿ ಹೊರಗಿನ ಕಾಯಿಲ್ ತೊಳೆಯಿರಿ. ಗಿಡಕ್ಕೆ ನೀರು ಬಿಡುವ ಪೈಪಿನ ಸಾದಾ ಧಾರೆ ಸಾಕು. ಪ್ರೆಷರ್ ವಾಷರ್ ಹಿಡಿದರೆ ಅಲ್ಯೂಮಿನಿಯಂ ಫಿನ್‌ಗಳು ಮಡಚಿಕೊಂಡು ಗಾಳಿ ಕಟ್ಟುತ್ತದೆ. ಒಳಗಿನ, ಹೊರಗಿನ ಯೂನಿಟ್‌ಗಳನ್ನು ಜೋಡಿಸುವ ಎರಡು ತಾಮ್ರದ ಪೈಪುಗಳ ಮೇಲಿನ ಇನ್ಸುಲೇಷನ್ ಬಿಸಿಲಿಗೆ ಪುಡಿಯಾಗಿದ್ದರೆ ಬದಲಿಸಿ. ದಪ್ಪ ಪೈಪಿನಲ್ಲಿ ಚಳಿಗಾಲದಲ್ಲಿ ಹರಿಯುವುದು ಬಿಸಿ ಗ್ಯಾಸ್. ಅದು ಬತ್ತಲಾಗಿದ್ದರೆ ನೀವು ಕೊಟ್ಟ ವಿದ್ಯುತ್ತಿನ ಬಿಸಿ ಬೀದಿ ಪಾಲು.

ಒಳಗಿನ ಫಿಲ್ಟರನ್ನು ಎರಡರಿಂದ ನಾಲ್ಕು ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ತಂಪು ಮಾಡುವಾಗ ಫಿಲ್ಟರ್ ಕಟ್ಟಿದರೆ ಒಳಗಿನ ಕಾಯಿಲ್ ಹೆಪ್ಪುಗಟ್ಟುತ್ತದೆ. ಬಿಸಿ ಮಾಡುವಾಗ ಹಾಗಲ್ಲ, ಕಂಪ್ರೆಸರ್ ಮೇಲಿನ ಒತ್ತಡ ಏರುತ್ತದೆ. ಯಂತ್ರ ವೇಗ ಇಳಿಸುತ್ತದೆ ಅಥವಾ ಎರರ್ ತೋರಿಸಿ ನಿಲ್ಲುತ್ತದೆ. “ಚಳಿ ಜಾಸ್ತಿಯಾದಾಗಲೇ ಕೈಕೊಡುತ್ತದೆ” ಎಂಬ ದೂರು ಬಂದಾಗ ಮೊದಲು ಫಿಲ್ಟರ್ ತೆಗೆದು ನೋಡಿ.

ಥರ್ಮೋಸ್ಟಾಟ್ ವಿಷಯದಲ್ಲಿ ಹಳೆಯ ರೂಢಿ ಬಿಡಬೇಕಾಗುತ್ತದೆ. ಇದರಿಂದ ಬರುವ ಗಾಳಿ 35ರಿಂದ 45 ಡಿಗ್ರಿ. ಕೈಗೆ ಉಗುರುಬೆಚ್ಚಗೆನಿಸುತ್ತದೆ, ಆದರೆ ಬಿಡದೆ ಬರುವುದರಿಂದ ಮನೆ ಬೆಚ್ಚಗಿರುತ್ತದೆ. ರಾತ್ರಿ ಐದಾರು ಡಿಗ್ರಿ ಇಳಿಸಿ ಬೆಳಿಗ್ಗೆ ಒಮ್ಮೆಲೇ ಏರಿಸಿದರೆ ಸಹಾಯಕ ವಿದ್ಯುತ್ ಹೀಟರ್ (ಇದ್ದರೆ) ಹೊತ್ತಿಕೊಳ್ಳುತ್ತದೆ. ಅದು ಒಂದು ಯೂನಿಟ್ ವಿದ್ಯುತ್ತಿಗೆ ಒಂದೇ ಯೂನಿಟ್ ಬಿಸಿ ಕೊಡುತ್ತದೆ. ಹೀಟ್ ಪಂಪ್ ಹೊರಗೆ 7 ಡಿಗ್ರಿ ಇರುವಾಗ ಸುಮಾರು ನಾಲ್ಕು, ಮೈನಸ್ 15ರಲ್ಲಿ ಸುಮಾರು ಎರಡು ಯೂನಿಟ್ ಕೊಡುತ್ತದೆ. ರಾತ್ರಿಗೆ ಒಂದೆರಡು ಡಿಗ್ರಿ ಇಳಿಸಿದರೆ ಸಾಕು. ಸಹಾಯಕ ಹೀಟರ್ ಎಷ್ಟು ಚಳಿಗೆ ಹೊತ್ತಿಕೊಳ್ಳಬೇಕು ಎಂಬ ಸೆಟಿಂಗ್ ಇದ್ದರೆ ಅದನ್ನು ಮೊದಲೇ ಸರಿಮಾಡಿಸಿ. ಮೋಡ್ ‘ಆಟೋ’ ಬೇಡ, ‘ಹೀಟ್’ನಲ್ಲೇ ಇರಲಿ.

ಚಳಿಗಾಲದಲ್ಲಿ ಊರಿಗೆ ಹೋಗುವಾಗ ಎಂಸಿಬಿ ಆಫ್ ಮಾಡಬೇಡಿ. ಯಂತ್ರ ನಿಂತಿದ್ದರೂ ಕಂಪ್ರೆಸರ್ ಬೆಚ್ಚಗಿರಲು ಸ್ವಲ್ಪ ವಿದ್ಯುತ್ ಬೇಕು. ಅದಿಲ್ಲದಿದ್ದರೆ ಗ್ಯಾಸ್ ಎಣ್ಣೆಯೊಳಗೆ ಕರಗುತ್ತದೆ. ಶುರುವಾದ ಕೂಡಲೇ ಎಣ್ಣೆ ನೊರೆಯೆದ್ದು ಬೇರಿಂಗ್ ಸವೆಯುತ್ತದೆ. ದೀರ್ಘಕಾಲ ಕರೆಂಟ್ ಹೋಗಿದ್ದರೆ ಎಂಸಿಬಿ ಹಾಕಿ, ಸುಮಾರು 12 ಗಂಟೆ ಬಿಟ್ಟು ಬಿಸಿ ಶುರು ಮಾಡಿ.

ಕಾಯಿಲ್ ಮೇಲೆ ತೆಳುವಾಗಿ ಎಲ್ಲೆಡೆ ಸಮನಾಗಿ ಬಿಳಿ ಪದರ ಇದ್ದರೆ ಅದು ಮಾಮೂಲು. ಒಂದು ಭಾಗದಲ್ಲಿ ಮಾತ್ರ ಹಿಮ ಕಟ್ಟಿ ಉಳಿದದ್ದು ಒಣಗಿದ್ದರೆ ಗ್ಯಾಸ್ ಕಡಿಮೆಯಾಗಿರುವ ಅನುಮಾನ. ಡಿಫ್ರಾಸ್ಟ್ ಆದ ಮೇಲೂ ಗಡ್ಡೆ ಉಳಿದರೆ ಸೆನ್ಸರ್ ಅಥವಾ ವಾಲ್ವ್ ನೋಡಿಸಬೇಕು. ಸ್ಕ್ರೂಡ್ರೈವರ್‌ನಿಂದ ಕುಕ್ಕಿದರೆ ಕೊಳವೆ ತೂತಾಗುತ್ತದೆ. ಸ್ವಿಚ್ ಆಫ್ ಮಾಡಿ ಉಗುರುಬೆಚ್ಚನೆ ನೀರು ಸುರಿಯಿರಿ, ಕುದಿನೀರು ಬೇಡ. ಗ್ಯಾಸ್ ತುಂಬಲು ಬಂದವರು ಚಳಿಯಲ್ಲಿ ಬರೀ ಗೇಜ್ ನೋಡಿ ಅಂದಾಜಿಗೆ ತುಂಬಿದರೆ ಒಪ್ಪಬೇಡಿ. ಇರುವುದನ್ನು ಹೊರತೆಗೆದು, ಸೋರಿಕೆ ಮುಚ್ಚಿ, ವ್ಯಾಕ್ಯೂಮ್ ಮಾಡಿ, ಯೂನಿಟ್ ಮೇಲಿನ ಚೀಟಿಯಲ್ಲಿ ಬರೆದಷ್ಟೇ ಗ್ರಾಂ ತಕ್ಕಡಿಯಲ್ಲಿ ತೂಗಿ ಹಾಕಬೇಕು.

ಕೊಳ್ಳುವವರು ಡಬ್ಬದ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಡಿ. ಆ ಕಿಲೋವ್ಯಾಟ್ ಹೊರಗೆ 7 ಡಿಗ್ರಿ ಇರುವಾಗಿನದು. ಮೈನಸ್ 15ರಲ್ಲಿ ಎಷ್ಟು ಕೊಡುತ್ತದೆ ಎಂಬ ಪಟ್ಟಿಯನ್ನು ತರಿಸಿಕೊಂಡು, ಅದೇ ಅಂಕಿಯಿಂದ ಮನೆಗೆ ಬೇಕಾದ ಸೈಜ್ ಲೆಕ್ಕ ಹಾಕಿಸಿ.