‘ಸೂಪರ್ ಫ್ರೀಜ್’ ಬಟನ್ ನೋಡಿ ಡೀಪ್ ಫ್ರೀಜರ್ ತಗೋಬೇಡಿ

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆಯವರು ಜ್ಯೂಸ್ ಅಂಗಡಿ ನಡೆಸುತ್ತಾರೆ. ಅಲ್ಲಿರುವ, ಮೇಲೆ ಮುಚ್ಚಳದ ಡೀಪ್ ಫ್ರೀಜರ್ ಕೆಲವು ಬೇಸಿಗೆ ಕಂಡಿದೆ. ಯಂತ್ರ ಒಳ್ಳೆಯದೇ. ಮಾರುವಾಗ ಹೇಳಿದ ಮಾತು ಮಾತ್ರ ಬುರುಡೆ.

‘ಈ ಬಟನ್ ಒತ್ತಿದ್ರೆ ಮೈನಸ್ 25ಕ್ಕೆ ಹೋಗುತ್ತೆ ಸಾರ್, ಐಸಿನ ಅಣುಗಳೆಲ್ಲ ಸಾಲಾಗಿ ನಿಲ್ಲುತ್ತವೆ, ಐಸ್ ಡಬಲ್ ಬಾಳಿಕೆ ಬರುತ್ತೆ’ ಅಂದಿದ್ದರು. ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವ ನನಗೆ ನಗು ತಡೆಯಲಾಗಲಿಲ್ಲ.

ನೀರು ಹೆಪ್ಪುಗಟ್ಟಿದಾಗಲೇ ಆಕ್ಸಿಜನ್‌ಗಳು ಆರು ಮೂಲೆಯ ಉಂಗುರಗಳಾಗಿ ಶಿಸ್ತಾಗಿ ಕೂತಿರುತ್ತವೆ. ಹೈಡ್ರೋಜನ್‌ಗಳು ಹಾಗಲ್ಲ. ಪ್ರತಿ ಆಕ್ಸಿಜನ್‌ಗೆ ನಾಲ್ಕು ನೆರೆಯವು, ಎರಡು ಕಡೆ ಹೈಡ್ರೋಜನ್ ಹತ್ತಿರ, ಎರಡು ಕಡೆ ದೂರ. ಯಾವ ಎರಡು ಅನ್ನುವುದಕ್ಕೆ ಕ್ರಮವೇ ಇಲ್ಲ. ಈ ಗೊಂದಲವನ್ನು ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ 1935ರಲ್ಲೇ ಲೆಕ್ಕ ಹಾಕಿದ್ದರು. ಮರುವರ್ಷ ಜಿಯೋಕ್ ಮತ್ತು ಸ್ಟೌಟ್ ಎಂಬ ವಿಜ್ಞಾನಿಗಳು ಐಸನ್ನು 15 ಕೆಲ್ವಿನ್‌ವರೆಗೆ, ಅಂದರೆ ಸುಮಾರು ಮೈನಸ್ 258 ಡಿಗ್ರಿಗೆ ಇಳಿಸಿ ಅದರ ಶಾಖ ಅಳೆದರು. ಅಷ್ಟು ತಂಪಲ್ಲೂ ಗೊಂದಲ ಉಳಿದಿತ್ತು! ಹೈಡ್ರೋಜನ್‌ಗಳೂ ಸಾಲಾಗಬೇಕಾದರೆ 72 ಕೆಲ್ವಿನ್‌ಗಿಂತ, ಅಂದರೆ ಸುಮಾರು ಮೈನಸ್ 201 ಡಿಗ್ರಿಗಿಂತ ಕೆಳಗೆ ಹೋಗಬೇಕು. ಅಲ್ಲಿ ಶುದ್ಧ ಐಸಿನ ಅಣುಗಳು ತಿರುಗಲಾರದಷ್ಟು ಮರಗಟ್ಟಿರುತ್ತವೆ. ಅದಕ್ಕೇ ಅವು ತಿರುಗಲಿ ಅಂತ ಲ್ಯಾಬ್‌ನಲ್ಲಿ ಚೂರು ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಬೆರೆಸಿ ದಿನಗಟ್ಟಲೆ ಕಾಯುತ್ತಾರೆ. ಅಂಗಡಿ ಫ್ರೀಜರ್‌ನಲ್ಲಿ ಆಗುವ ಮಾತಾ?

ಬಾಳಿಕೆಯ ಲೆಕ್ಕವೂ ಅಷ್ಟೆ. ಒಂದು ಕಿಲೋ ಐಸ್ ಕರಗಲು 334 ಕಿಲೋಜೂಲ್ ಶಾಖ ಬೇಕು. ಮೈನಸ್ 18ರಿಂದ 25ಕ್ಕೆ ಇಳಿಸಿದರೆ ಇದರ ಮೇಲೆ ಸಿಗುವುದು ಸುಮಾರು 14 ಅಷ್ಟೆ. ಅದಕ್ಕಾಗಿ ಕಂಪ್ರೆಸರ್ ಸುಮ್ನೆ ಓಡಬೇಕು, ಬಿಲ್ಲೂ ಜಾಸ್ತಿ. ಅಷ್ಟು ತಣ್ಣನೆಯ ಐಸನ್ನು ಶರಬತ್ತಿಗೆ ಹಾಕಿದರೆ ಚಟ್ ಅಂತ ಬಿರುಕು ಬೇರೆ ಬಿಡುತ್ತದೆ.

ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿದ್ದು ದಪ್ಪ ಗೋಡೆ ನೋಡಿ. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಕರೆಂಟು ಹೋದರೂ, ಒಳಗೆ ಐಸ್ ತುಂಬಿದ್ದು ಮುಚ್ಚಳ ತೆಗೆಯದೆ ಇದ್ದರೆ, ಸಂಜೆಗೂ ಐಸ್ ಕ್ಯಾಂಡಿ ಗಟ್ಟಿಯಾಗೇ ಇರುತ್ತದೆ.

ಒಳಗೋಡೆಗೆ ಮಂಜು ಕಟ್ಟುವುದು ದೊಡ್ಡ ಕಿರಿಕಿರಿ. ಗಟ್ಟಿ ಐಸ್ ನೀರಿಗಿಂತ ಸುಮಾರು ನಾಲ್ಕು ಪಟ್ಟು ಚೆನ್ನಾಗಿ ಶಾಖ ದಾಟಿಸುತ್ತದೆ. ಆದರೆ ಈ ಮಂಜಿನೊಳಗೆ ಗಾಳಿ ತುಂಬಿರುತ್ತದಲ್ಲ, ಗೋಡೆಗೆ ಕಂಬಳಿ ಹೊದಿಸಿದ ಹಾಗೆ. ತಂಪು ಸಾಮಾನಿಗೆ ತಲುಪುವುದಿಲ್ಲ. ಬೆರಳು ದಪ್ಪ ಆಗುವ ಮೊದಲೇ ಆಫ್ ಮಾಡಿ ಕರಗಿಸಿ. ಚಾಕು ಹಾಕಿ ಕೆರೆಯಬೇಡಿ, ಪೈಪ್ ತೂತಾದರೆ ಗ್ಯಾಸ್ ಹೋಗುತ್ತದೆ. ನೀರು ಬಿಡುವ ತೂತು ನೆಲಕ್ಕೆ ಅಂಟಿಕೊಂಡಂತಿದೆ, ಬಕೆಟ್ ಹಿಡಿಸುವುದಿಲ್ಲ, ತಟ್ಟೆಯೇ ಗತಿ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಕಳೆದ ಸ್ಟಾರ್ ಆ ತೂತಿನ ಲೆಕ್ಕಕ್ಕೆ.