ಆನ್‌ಲೈನಲ್ಲಿ ತರಿಸಿದ ನೇಪಾಳದ ಹಳೇ ಸ್ಟಾಂಪು: ಹಿಂಭಾಗ ನೋಡದೆ ದುಡ್ಡು ಕಟ್ಬೇಡಿ

ಐದಕ್ಕೆ ಎರಡು ಸ್ಟಾರ್. ಆ ಎರಡೂ ಪ್ಯಾಕಿಂಗಿಗೆ ಮತ್ತೆ ದುಡ್ಡು ವಾಪಸ್ ಮಾಡಿದ್ದಕ್ಕೆ, ಸ್ಟಾಂಪಿಗಲ್ಲ.

ಒಂದು ಹರಾಜು ಸೈಟಲ್ಲಿ ನಾಲ್ಕು ಸ್ಟಾಂಪಿನ ಲಾಟ್ ತಗೊಂಡೆ. "ನೇಪಾಳ 1881, ಮೊದಲ ಸ್ಟಾಂಪುಗಳು, ಗ್ಯಾರಂಟಿ ಅಸಲಿ" ಅಂತ ಬರೆದಿದ್ರು. ಒಂದಾಣೆ ನೀಲಿ ಎರಡು, ಅರ್ಧ ಆಣೆ ಕಪ್ಪು ಒಂದು, ಜೊತೆಗೆ 1907ರದ್ದು ಅಂತ ಪಶುಪತಿಯ ಒಂದು ಸ್ಟಾಂಪು. ಫೋಟೋ ಎಲ್ಲಾ ಮುಂಭಾಗದ್ದೇ, ಹಿಂಭಾಗದ್ದು ಒಂದೂ ಇಲ್ಲ, ನಾನೂ ಕೇಳ್ಲಿಲ್ಲ, ಅಲ್ಲೇ ಎಡವಿದ್ದು.

ಕಿರೀಟ, ಕೆಳಗೆ ಅಡ್ಡ ಇಟ್ಟ ಎರಡು ಖುಕುರಿ (ನೇಪಾಳಿಗಳ ಬಾಗಿದ ಕತ್ತಿ), ಇದೇ ನೇಪಾಳದ ಮೊದಲ ಸ್ಟಾಂಪಿನ ಚಿತ್ರ. 1881ರಲ್ಲಿ ಒಂದಾಣೆ ನೀಲಿ, ಎರಡಾಣೆ ನೇರಳೆ, ನಾಲ್ಕಾಣೆ ಹಸಿರು ಬಂತು, ಅವು ಯುರೋಪಿನ ಬಿಳಿ ಕಾಗದದ ಮೇಲೆ. 1886ರಿಂದ ಅದೇ ಚಿತ್ರ ನೇಪಾಳದ್ದೇ ಲೋಕ್ತಾ ಕಾಗದಕ್ಕೆ ಬಂತು, ಬೆಟ್ಟದಲ್ಲಿ ಬೆಳೆಯೋ ಗಿಡದ ತೊಗಟೆಯಿಂದ ಕೈಯಲ್ಲಿ ಮಾಡೋ ಕಾಗದ ಅದು. ಅರ್ಧ ಆಣೆ ಬಂದಿದ್ದು 1899ರಲ್ಲಿ, ಅದರ ಚಿತ್ರವೇ ಬೇರೆ, ಬಿಲ್ಲು ಮತ್ತೆ ಖುಕುರಿ. ಅಂದ್ರೆ ಅರ್ಧ ಆಣೆಗೆ 1881 ಅಂತ ಬರೆದವರು ಒಂದೋ ಗೊತ್ತಿಲ್ದೆ ಬರ್ದಿದ್ದಾರೆ, ಇಲ್ಲಾ ಗೊತ್ತಿದ್ದೇ ಬರ್ದಿದ್ದಾರೆ.

ಕವರ್ ಬಿಚ್ಚಿ ಮೊದಲ ನೀಲಿ ಸ್ಟಾಂಪನ್ನ ಚಿಮಟದಲ್ಲಿ ಎತ್ತಿ ತಿರುಗಿಸಿದೆ. ಹಿಂದೆ ಉದ್ದುದ್ದ ನಾರು, ಒಂದು ಕಡೆ ತೆಳು ಒಂದು ಕಡೆ ದಪ್ಪ, ಬೆಳಕಿಗೆ ಹಿಡಿದ್ರೆ ಮೋಡದ ಹಾಗೆ ಕಾಣ್ತಿತ್ತು, ಅಂಟು ಒಂಚೂರೂ ಇಲ್ಲ. ಲೋಕ್ತಾನೇ, ಅನುಮಾನ ಇಲ್ಲ. ಅಚ್ಚಿನ ಮೊಳೆ ಒತ್ತಿದ ಗುರುತು ಹಿಂಭಾಗದಲ್ಲಿ ಸಣ್ಣಗೆ ಉಬ್ಬಿಕೊಂಡಿತ್ತು, ಮುಂದೆ ಭೂತಗನ್ನಡೀಲಿ ನೋಡಿದ್ರೆ ಗೆರೆಗಳ ಅಂಚಲ್ಲಿ ಶಾಯಿ ಒತ್ತಡಕ್ಕೆ ಹೊರಗೆ ಜರುಗಿ ದಪ್ಪ ಕಟ್ಟಿದೆ. ಅಸಲಿ ಸ್ಟಾಂಪು. ಆದ್ರೆ 1881ರದ್ದಲ್ಲ, ಕಾಗದ ಲೋಕ್ತಾ ಆದ್ಮೇಲೆ ಎಷ್ಟೇ ಬೇಗ ಅಂದ್ರೂ 1886. ಈ ವ್ಯತ್ಯಾಸಕ್ಕೇ ಬೆಲೆ ಎಲ್ಲಿಂದೆಲ್ಲಿಗೋ ಹೋಗುತ್ತೆ ಸ್ವಾಮಿ.

ಎರಡನೇ ನೀಲಿ ನಕಲಿ. ಇದೂ ಲೋಕ್ತಾ ಮೇಲೇ ಇದೆ! ಲೋಕ್ತಾ ಕಾಗದ ಇವತ್ತಿಗೂ ನೇಪಾಳದಲ್ಲಿ ತಯಾರಾಗುತ್ತೆ, ಹಾಗಾಗಿ ನಾರು ಕಂಡ ತಕ್ಷಣ ಅಸಲಿ ಅಂದ್ಕೊಂಡು ಖುಷಿ ಪಡೋ ಹಾಗಿಲ್ಲ. ಹಿಂಭಾಗ ಸಪಾಟು, ಒತ್ತಿದ ಗುರುತೇ ಇಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಗಾಜಲ್ಲಿ ನೋಡಿದ್ರೆ ನೀಲಿ ಒಂದೇ ಬಣ್ಣ ಅಲ್ಲ, ನೀಲಿ ಚುಕ್ಕಿ, ಗುಲಾಬಿ ಚುಕ್ಕಿ, ನಡುವೆ ಖಾಲಿ. ಪ್ರಿಂಟರ್‌ನಲ್ಲಿ ತೆಗೆದಿದ್ದು. ಯುವಿ ಟಾರ್ಚ್ ಹಾಕಿದ್ರೆ ಹೊಳೀಲಿಲ್ಲ, ಅದನ್ನ ನಂಬಿ ಕೂತಿದ್ರೆ ಮೋಸ ಹೋಗ್ತಿದ್ದೆ. ಹೊಳೆದ್ರೆ ಮಾತ್ರ ಉತ್ತರ ಸಿಗುತ್ತೆ, ಹೊಳೆಯೋದು ಈಗಿನ ಕಾಗದಕ್ಕೆ ಬಿಳುಪಿಗೆ ಹಾಕೋ ಕೆಮಿಕಲ್, ಅದು 19ನೇ ಶತಮಾನದ ಕಾಗದದಲ್ಲಿ ಇರೋಕೇ ಸಾಧ್ಯ ಇಲ್ಲ. ಹೊಳೀಲಿಲ್ಲ ಅಂದ್ರೆ ಏನೂ ಸಾಬೀತಾಗಲ್ಲ.

ಇನ್ನೊಂದು ಮಾತು, ಅಚ್ಚು ಮಸುಕಾಗಿದೆ ಅಂತ ನಕಲಿ ಅನ್ಬೇಡಿ. ಈ ಸ್ಟಾಂಪುಗಳನ್ನ ಹತ್ತಿರ ಹತ್ತಿರ ಐವತ್ತು ವರ್ಷ ಅಚ್ಚು ಹಾಕಿದ್ರು, ಮೊಳೆಗಳು ಸವೆದು ಸವೆದು ಕೊನೆಕೊನೆಗೆ ಖುಕುರಿ ಯಾವ್ದು ಕಿರೀಟ ಯಾವ್ದು ಅಂತ ಗೊತ್ತಾಗದ ಹಾಗೆ ಬರ್ತಿತ್ತು, ಅಂಥವೂ ಅಸಲಿಯೇ, ನನಗಂತೂ ಅವೇ ಹೆಚ್ಚು ಇಷ್ಟ. ತಲೆಕೆಳಗಾದ ಜೋಡಿ (ಕೂಡಿಕೊಂಡಿರೋ ಎರಡು ಸ್ಟಾಂಪಲ್ಲಿ ಒಂದು ತಲೆಕೆಳಗು) ಅಂತ ಮಾರೋರನ್ನ ಮಾತ್ರ ಹುಷಾರಾಗಿ ನೋಡಿ. ಅಚ್ಚು ಜೋಡಿಸುವಾಗ ಒಂದೊಂದು ಮೊಳೆ ತಲೆಕೆಳಗಾಗಿ ಕೂತಿದ್ದು ನಿಜ, ಅದಕ್ಕೆ ಬೆಲೆ ಇರೋದೂ ನಿಜ, ಅದಕ್ಕೇ ಎರಡು ಬಿಡಿ ಸ್ಟಾಂಪು ಅಂಟಿಸಿ ಜೋಡಿ ಮಾಡೋ ಸಾಧ್ಯತೆ ಇರುತ್ತೆ. ಇದೂ ಹಿಂದಿನಿಂದ ಬೆಳಕು ಬಿಟ್ಟು ನೋಡಿದ್ರೆ ಕಾಣುತ್ತೆ, ಅಸಲಿ ಜೋಡಿಯಲ್ಲಿ ನಾರು ಒಂದರಿಂದ ಇನ್ನೊಂದಕ್ಕೆ ಕಡಿಯದೆ ಸಾಗಿರ್ಬೇಕು.

ಅರ್ಧ ಆಣೆ ಅಸಲಿ, ಆದ್ರೆ ಮೇಲಿರೋದು ತಂತಿ (ಟೆಲಿಗ್ರಾಂ) ಆಫೀಸಿನ ಸೀಲು. 1917ರಿಂದ ಈ ಸ್ಟಾಂಪುಗಳನ್ನ ತಂತಿಗೂ ಬಳಸ್ತಿದ್ರು, ಅಂಚೆ ಸೀಲು ಇರೋದಕ್ಕಿಂತ ಇವಕ್ಕೆ ಬೆಲೆ ಕಮ್ಮಿ. ಲಾಟಿನ ವಿವರಣೆಯಲ್ಲಿ ಇದರ ಸುದ್ದಿಯೇ ಇಲ್ಲ.

ಪಶುಪತಿ ಸ್ಟಾಂಪು ನೋಡೋಕೆ ಚೆಂದ. ಲಂಡನ್ನಿನ ಪರ್ಕಿನ್ಸ್ ಬೇಕನ್ ಕಂಪನಿಯ ಕೆತ್ತನೆ, ಬೆರಳಾಡಿಸಿದ್ರೆ ಗೆರೆ ತಟ್ಟುತ್ತೆ. ಆದ್ರೆ 1907ರದ್ರಲ್ಲಿ ಗೋರ್ಖಾ ಸರ್ಕಾರ್ ಅಂತ ಇರ್ಬೇಕು, ಇದ್ರಲ್ಲಿ ನೇಪಾಲ ಸರ್ಕಾರ್ ಅಂತಿದೆ, ಅಂದ್ರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಆದ್ಮೇಲೆ ಬಂದಿದ್ದು. ನಾಗರಿ ಲಿಪಿ ಓದೋಕೆ ಬರೋ ನಮ್ಮಂಥವರಿಗೆ ಇದು ಒಂದು ನಿಮಿಷದ ಕೆಲಸ, ಲಾಟ್ ಫೋಟೋದಲ್ಲೇ ಕಾಣ್ತಿತ್ತು, ನಾನು ದೊಡ್ಡದು ಮಾಡಿ ನೋಡ್ಲಿಲ್ಲ. ಸೀಲಲ್ಲಿ ತಾರೀಖು ಇದ್ರೆ ಅದು ನೇಪಾಳದ ವಿಕ್ರಮ ಸಂವತ್ ಪಂಚಾಂಗದ್ದು ಅನ್ನೋದೂ ನೆನಪಿರ್ಲಿ, 1974 ಅಂತ ಕಂಡ್ರೆ ನಮ್ಮ ಲೆಕ್ಕದ 1917-18.

ಮಾರಿದವರಿಗೆ ಮುಂದಿನದು ಹಿಂದಿನದು ಎರಡೂ ಫೋಟೋ ತೆಗೆದು ಕಳಿಸಿದೆ, ಚುಕ್ಕಿಗಳನ್ನ ದೊಡ್ಡದು ಮಾಡಿ ತೋರಿಸಿದೆ. ಎರಡು ದಿನ ಸುಮ್ನಿದ್ರು, ಆಮೇಲೆ ಜಗಳ ಮಾಡದೆ ನಕಲಿ ಒಂದರ ದುಡ್ಡು ವಾಪಸ್ ಹಾಕಿದ್ರು. ತಪ್ಪು ವರ್ಷ ಬರೆದಿದ್ದಕ್ಕೆ ಮಾತ್ರ ಒಪ್ಪಲಿಲ್ಲ, ಲಾಟ್ ವಿವರಣೆಯಲ್ಲಿ ಇವತ್ತಿಗೂ 1881 ಅಂತಲೇ ಇದೆ. ಲೋಕ್ತಾ ಮೇಲಿನ ಆ ಒಂದಾಣೆ ನೀಲಿ ಮಾತ್ರ ಆಲ್ಬಮ್ಮಿಗೆ ಹಾಕ್ಕೊಂಡಿದ್ದೀನಿ, ಪಕ್ಕದಲ್ಲಿ ಪೆನ್ಸಿಲಲ್ಲಿ "1886 ಅಥವಾ ನಂತರ" ಅಂತ ಬರ್ದು.