ಸೋನಿ ಕ್ಯಾಮೆರಾ ಕೊಳ್ಳುವ ಮುಂಚೆ ಬ್ಯಾಟರಿ ತಿರುಗಿಸಿ ನೋಡಿ

ಜೇಬಿಗೆ ಹಿಡಿಸುವ ಆರ್‌ಎಕ್ಸ್100 ಮಾರ್ಕ್ 7 ತಗೊಳ್ಳೋದೋ, ಲೆನ್ಸ್ ಬದಲಿಸಬಹುದಾದ ಎ6400 ತಗೊಳ್ಳೋದೋ? ಚಿತ್ರದ ಗುಣಮಟ್ಟದ ಮಾತು ಆಮೇಲೆ. ಮೊದಲು ಬ್ಯಾಟರಿ ಕೈಗೆ ತೆಗೆದುಕೊಳ್ಳಿ.

ಆರ್‌ಎಕ್ಸ್100ರ ಎನ್‌ಪಿ-ಬಿಎಕ್ಸ್1 ಬ್ಯಾಟರಿ ಮೇಲೆ 1240 ಎಂಎಎಚ್ (ಮಿಲಿಆಂಪ್-ಅವರ್, ಅಂದರೆ ಆಂಪ್-ಅವರ್‌ನ ಸಾವಿರದಲ್ಲೊಂದು ಪಾಲು) ಎಂದಿದೆ. ಎ6400ರ ಎನ್‌ಪಿ-ಎಫ್‌ಡಬ್ಲ್ಯು50 ಮೇಲೆ 1020. ಹಾಗಾದರೆ ಚಿಕ್ಕದರಲ್ಲೇ ಜಾಸ್ತಿ ಶಕ್ತಿ ಅಲ್ವಾ? ಇಲ್ಲ. ಪಕ್ಕದಲ್ಲೇ ಬರೆದಿರುವ ವೋಲ್ಟೇಜ್ ಓದಿ: ಮೊದಲನೆಯದು 3.6, ಎರಡನೆಯದು 7.2. ಒಂದರಲ್ಲಿ ಒಂದೇ ಲಿಥಿಯಂ ಸೆಲ್, ಇನ್ನೊಂದರಲ್ಲಿ ಸಾಲಾಗಿ ಜೋಡಿಸಿದ ಎರಡು. ಆಂಪ್-ಅವರ್ ಅನ್ನು ವೋಲ್ಟಿನಿಂದ ಗುಣಿಸಿದರೆ ಸಿಗುವ ವಾಟ್-ಅವರ್ ನಿಜವಾದ ಲೆಕ್ಕ. ಅಲ್ಲಿ 4.5, ಇಲ್ಲಿ 7.3. ಒಂದು ಚಾರ್ಜಿಗೆ ಕಂಪನಿಯೇ ಹೇಳುವ ಫೋಟೋ ಸಂಖ್ಯೆಯೂ ಸುಮಾರು ಹಾಗೇ: ಪರದೆ ನೋಡಿ ತೆಗೆದರೆ 260, ಮತ್ತು 410.

ಆದರೂ ಎಫ್‌ಡಬ್ಲ್ಯು50 ಹಳೆಯ ಬ್ಯಾಟರಿ. ಮದುವೆ ಮನೆಯಲ್ಲಿ ವಿಡಿಯೋ ಮಾಡ್ತೀರಾದ್ರೆ ಎರಡು ಹೆಚ್ಚುವರಿ ಇಟ್ಟುಕೊಳ್ಳಲೇಬೇಕು. ಬಜೆಟ್ ಎಳೆಯಬಹುದಾದರೆ ಎ6700 ನೋಡಿ. ಅದರ ಎಫ್‌ಝಡ್100 ಬ್ಯಾಟರಿ ಕೂಡ 7.2 ವೋಲ್ಟೇ, ಆದರೆ 2280 ಎಂಎಎಚ್, ಅಂದರೆ 16.4 ವಾಟ್-ಅವರ್. ಗಾತ್ರ ದೊಡ್ಡದು, ಎ6400ಕ್ಕೆ ಅದು ಕೂರುವುದಿಲ್ಲ. ಕ್ಯಾಮೆರಾವೂ ಎ6400ಗಿಂತ ಸುಮಾರು 90 ಗ್ರಾಂ ಹೆಚ್ಚು ಭಾರ. ನನ್ನ ಕೇಳಿದರೆ ಆ ಭಾರಕ್ಕೆ ಬೆಲೆಯಿದೆ.

ಬೇರೆ ಕಂಪನಿಯ ಅಗ್ಗದ ಬ್ಯಾಟರಿ ಮೇಲೆ ಬರೆದ ದೊಡ್ಡ ಎಂಎಎಚ್ ನಂಬಿ ಒಮ್ಮೆ ಸುಮ್ನೆ ದುಡ್ಡು ಕಳೆದುಕೊಂಡೆ. ನಾಲ್ಕು ತಿಂಗಳಿಗೇ ಅದು ಉಬ್ಬಿಕೊಂಡು, ಹೊರಗೆ ಎಳೆಯುವುದೇ ಹರಸಾಹಸವಾಯಿತು.